ಕೆಡ್ಡಸದ ಟ್ರ್ಯಾಕ್ಟರು

ಸೋದರಮಾವನ ಆಸ್ತಿ ಪಾಲಾಗುವಾಗ ಗದ್ದೆ ತಂಗಿಯರಿಗೆ ಹೋಯಿತು, ತೋಟ ಅಕ್ಕನಿಗೆ ಹೋಯಿತು, ಬೆಳುವಾಯಿಯ ಚಿದಾನಂದನ ಪಾಲಿಗೆ ಒಂದು ಹಳೇ ಕೆಂಪು ಟ್ರ್ಯಾಕ್ಟರು ಬಂತು. ಮಾವನ ಮನೆಯಿಂದ ಹೊಗೆ ಉಗುಳುತ್ತಾ ಬಂದದ್ದು, ಇವನ ಬಾವಿ ಪಕ್ಕದ ಕೊಟ್ಟಿಗೆಗೆ ನುಗ್ಗಿದ್ದೇ ಉಸಿರು ಬಿಟ್ಟಿತು. ಆಮೇಲೆ ಎದ್ದದ್ದೇ ಇಲ್ಲ. ಅದರ ಮೇಲೆ ಕೂತ ಧೂಳನ್ನು ಗುಡಿಸಿ ರಾಶಿ ಹಾಕಿದ್ದರೆ ಕೊಣಾಜೆ ಕಲ್ಲು ಗುಡ್ಡಕ್ಕೆ ಒಬ್ಬ ತಮ್ಮ ಹುಟ್ಟುತ್ತಿದ್ದ. ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಹೊಗೆ ಕೊಳವೆಯೊಳಗೆ ಜೇನು ಸಂಸಾರ ಹೂಡಿತ್ತು.

ಚಿದಾನಂದ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಬಂಟ್ವಾಳಕ್ಕೂ ಮೂಡಬಿದಿರೆಗೂ ನಡುವೆ ಅವನು ಊದಿದ ಸೀಟಿಯ ಗಾಳಿಯನ್ನು ಒಟ್ಟು ಮಾಡಿದ್ದರೆ ಒಂದು ಸಣ್ಣ ಬಿರುಗಾಳಿ ಎದ್ದೀತು. ಆದರೆ ಊದುವುದಷ್ಟೇ ಇವನದು, ಸ್ಟೇರಿಂಗ್ ಯಾವಾಗಲೂ ಬೇರೆಯವನ ಕೈಯಲ್ಲಿ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಅವನಿಗೆ ಒಂದೇ ಹುಚ್ಚು ಹಿಡಿಯಿತು. ಈ ಟ್ರ್ಯಾಕ್ಟರನ್ನು ಎಬ್ಬಿಸಬೇಕು, ತಾನೇ ಓಡಿಸಬೇಕು.

"ಊರೆಲ್ಲ ಉಳ್ಲಿಕ್ಕಲ್ಲ ಪೂವ. ಗೊಬ್ಬರ ಹೊರ್ಲಿಕ್ಕೆ, ಸೌದೆ ತರ್ಲಿಕ್ಕೆ, ನಾಲ್ಕು ತೆಂಗಿನಕಾಯಿ ಎಳೀಲಿಕ್ಕೆ. ನನ್ನ ಮೊಣಕಾಲು ನೋಡಿದ್ದಿ ಅಲ್ವ?" ಎಂದ ಹೆಂಡತಿಯ ಹತ್ತಿರ.

ಪೂವಮ್ಮನ ನಾಲಿಗೆಯಲ್ಲಿ ಅಡಿಕೆ ಕತ್ತರಿಸಬಹುದಿತ್ತು. "ಅದು ಟ್ರ್ಯಾಕ್ಟರಾ, ಕೋಳಿಗೂಡಾ? ಕೋಳಿಗೂಡಾದ್ರೆ ನನ್ನ ಕೋಳಿಗಳಿಗೆ ಸ್ಟೇರಿಂಗ್ ಬೇಡ. ನನಗೆ ಸೌದೆ ಇಡ್ಲಿಕ್ಕೆ ಆ ಕೊಟ್ಟಿಗೆ ಬೇಕು ಮಾರಾಯ್ರೆ. ಗುಜರಿ ಹನೀಫಾನಿಗೆ ಹೇಳಿಯಾಗಿದೆ. ಬರುವ ತಿಂಗಳು ಲಾರಿ ತರ್ತಾನೆ. ಅಷ್ಟರೊಳಗೆ ಅದು ಅದರ ಕಾಲಿನಲ್ಲೇ ಅಂಗಳಕ್ಕೆ ಬಂದ್ರೆ ನಿಮ್ಮದು. ಇಲ್ಲದಿದ್ರೆ ಅವನದ್ದು."

ಚಿದಾನಂದ ಅವತ್ತೇ ಮಡಂತ್ಯಾರಿಗೆ ಹೋಗಿ ಯಾಕೂಬನನ್ನು ಹಿಡಿದ. ಯಾಕೂಬ್ ಸೌದಿಯ ದಮ್ಮಾಮಿನಲ್ಲಿ ಕ್ರೇನ್ ರಿಪೇರಿ ಮಾಡಿ ಊರಿಗೆ ಮರಳಿದವನು. ಕಬ್ಬಿಣ ಕಂಡರೆ ಅವನಿಗೆ ನೆಂಟರನ್ನು ಕಂಡ ಹಾಗೆ. ಬಂದ, ಬಾನೆಟ್ ಎತ್ತಿ ನೋಡಿದ, ಮೂಗಿನ ಮೇಲೆ ಬೆರಳಿಟ್ಟ.

"ಚಿದಾನಂದಣ್ಣ, ಇದು ಸತ್ತದ್ದಲ್ಲ. ಮುನಿಸು ಮಾಡಿಕೊಂಡದ್ದು."

"ಹಾಗಾದ್ರೆ ಸಮಾಧಾನ ಮಾಡು ಮಾರಾಯ!"

ಸಮಾಧಾನ ಮಾಡುವುದು ಮದುಮಗಳನ್ನು ಒಪ್ಪಿಸುವುದಕ್ಕಿಂತ ಕಷ್ಟವಾಯಿತು. ಪಿಸ್ಟನ್ ಹಿಡಿದುಕೊಂಡಿತ್ತು. ಅದಕ್ಕೆ ಡೀಸೆಲ್ ಕುಡಿಸಿ, ತೆಂಗಿನೆಣ್ಣೆ ಕುಡಿಸಿ, ಬಾಣಂತಿಯ ಹಾಗೆ ಬೆಚ್ಚಗೆ ಮಲಗಿಸಿ, ಬೆಳಿಗ್ಗೆ ಎದ್ದು ಸ್ವಲ್ಪ ಸ್ವಲ್ಪವೇ ತಿರುಗಿಸಿದರು. ತುಕ್ಕು ಹಿಡಿದ ಟ್ಯಾಂಕಿಗೆ ಜಲ್ಲಿ ಹಾಕಿ ಕುಲುಕಿದರು. ಕುಲುಕಿದ ಸದ್ದಿಗೆ ಪಕ್ಕದ ಮನೆಯ ನಾಯಿ ಊರು ಬಿಟ್ಟಿತು ಎಂದು ಪೂವಮ್ಮ ಇಡೀ ಬೆಳುವಾಯಿಗೆ ಸಾರಿದಳು. ಜೇನನ್ನು ಗಡಿಗೆಗೆ ಒಕ್ಕಲೆಬ್ಬಿಸಿದರು. ಹಳೇ ಟಯರಿಗೆ ಗಾಳಿ ತುಂಬಿಸಿದರು. ಕ್ಲಚ್ಚು ಬಿಡಿಸಿದರು. ಇಬ್ಬರಿಗೂ ಮೂಗಿನ ತುದಿಯಿಂದ ಕಾಲಿನ ಬೆರಳಿನವರೆಗೆ ಗ್ರೀಸು. ಒಮ್ಮೆ ಅಂಗಳದಲ್ಲಿ ನಿಂತವರನ್ನು ಪೂವಮ್ಮ ನಿಜವಾಗಿಯೂ ಕಾಡುಹಂದಿ ಎಂದುಕೊಂಡು ಬಡಿಗೆ ತಂದಿದ್ದಳು.

ಹನೀಫಾನ ಲಾರಿ ಬರುವ ದಿನವೂ ಬಂತು. ಬೆಳಿಗ್ಗೆ ಚಿದಾನಂದ ಹೆಂಡತಿ ತಟ್ಟೆಯಲ್ಲಿಟ್ಟದ್ದನ್ನು ನೋಡದೆಯೇ ಬಾಯಿಗೆ ಹಾಕಿ ಜಗಿಯುತ್ತಾ ಕೊಟ್ಟಿಗೆಗೆ ಓಡಿದ. ಯಾಕೂಬ್ ತನ್ನ ಜೀಪಿನ ಬ್ಯಾಟರಿ ಜೋಡಿಸಿದ. ಎಂಜಿನು ಒಮ್ಮೆ ಕೆಮ್ಮಿತು, ಎರಡನೇ ಸಲ ಸೀನಿತು, ಮೂರನೇ ಸಲ ಹೋ ಎಂದು ಎದ್ದು ನಿಂತಿತು. ಅದು ಬಿಟ್ಟ ಹೊಗೆಗೆ ಅತ್ತ ಮೂಡಬಿದಿರೆಯಲ್ಲಿ ಸಾವಿರ ಕಂಬದ ಬಸದಿಯ ಕಂಬಗಳೆಲ್ಲ ಒಂದೊಂದಾಗಿ ಕೆಮ್ಮಿರಬೇಕು.

"ಬಂತು! ಬಂತು!" ಚಿದಾನಂದ ಸೀಟಿನ ಮೇಲೆ ಹಾರಿ ಕೂತು ಗೇರು ಹಾಕಿದ. ಟ್ರ್ಯಾಕ್ಟರು ಗುಡುಗಿತು, ನಡುಗಿತು. ಮುಂದೆ ಮಾತ್ರ ಬರಲಿಲ್ಲ.

ಯಾಕೂಬ್ ಬಗ್ಗಿ ಚಕ್ರದ ಬುಡದ ತೆಂಗಿನ ಗರಿ ಸರಿಸಿ ನೋಡಿದ. ಇಷ್ಟು ದಿನವೂ ಇಬ್ಬರೂ ಎಂಜಿನು ಎಂಜಿನು ಎಂದು ಮೇಲೆ ನೋಡಿದ್ದೇ ಬಂತು, ಟಯರಿಗೆ ಗಾಳಿ ತುಂಬಿಸುವಾಗಲೂ ಗರಿ ಸರಿಸಿ ಬುಡ ನೋಡಿದವರಿಲ್ಲ. ಇಷ್ಟು ಮಳೆಗಾಲಗಳ ಕೆಸರಿನಲ್ಲಿ ಚಕ್ರ ನಾಲ್ಕೂ ಹೂತು, ಆ ಮಣ್ಣು ಈಗ ಒಣಗಿ ಕಲ್ಲಾಗಿತ್ತು.

"ಅಗೆಯದೆ ಬರುದಿಲ್ಲ ಅಣ್ಣ."

"ಅಗೆಯುವ. ಎಷ್ಟು ಹೊತ್ತಿನ ಕೆಲಸ!" ಚಿದಾನಂದ ಗುದ್ದಲಿ ಎತ್ತಿದ.

"ಇವ್ರೇ!"

ಅಂಗಳದಿಂದ ಬಂದ ಆ ಕೂಗಿಗೆ ಎಂಜಿನೇ ಒಂದು ಕ್ಷಣ ಬಾಯಿ ಮುಚ್ಚಿದಂತಾಯಿತು. ಪೂವಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಬಾಯಲ್ಲಿ ಎಂತ ಉಂಟು ನಿಮ್ಮದು?"

ಚಿದಾನಂದ ಜಗಿಯುವುದನ್ನು ನಿಲ್ಲಿಸಿದ. ಹುರಿದ ಹುರುಳಿ, ಹುರಿದ ಅಕ್ಕಿ, ಬೆಲ್ಲ, ತೆಂಗಿನಕಾಯಿ ಚೂರು. ಕುಡುಅರಿ. ವರ್ಷಕ್ಕೆ ಒಮ್ಮೆ, ಕೆಡ್ಡಸದಲ್ಲಿ ತಿನ್ನುವುದು.

"ಕುಡುಅರಿ ಬಾಯಲ್ಲಿಟ್ಟುಕೊಂಡು ಗುದ್ದಲಿ ಎತ್ತುವ ಗಂಡಸು ತುಳುನಾಡಿನಲ್ಲಿ ನೀವೇ ಮೊದಲು, ನೀವೇ ಕೊನೆ!"

ಕೆಡ್ಡಸ ಎಂದರೆ ಭೂಮಿತಾಯಿ ಮುಟ್ಟಾಗುವ ಮೂರು ದಿನ. ಆ ಮೂರು ದಿನ ನೆಲಕ್ಕೆ ಗುದ್ದಲಿ ತಾಗಬಾರದು, ನೇಗಿಲು ತಾಗಬಾರದು. ಅವಳಿಗೆ ನೋವು ಮಾಡಬಾರದು. ಚಿದಾನಂದ ಗುದ್ದಲಿಯನ್ನು ಬಿಸಿ ಬಾಣಲೆ ಮುಟ್ಟಿದವನ ಹಾಗೆ ಬಿಟ್ಟ. ಯಾಕೂಬ್ ತಲೆ ತುರಿಸಿದ. "ತಪ್ಪಾಯ್ತು ಪೂವಮ್ಮಕ್ಕ. ಗ್ರೀಸಿನಲ್ಲಿ ತಿಂಗಳೇ ಮರೆತುಹೋಯ್ತು."

ಅಷ್ಟರಲ್ಲಿ ಹನೀಫಾನ ಲಾರಿ ಬಂತು. ಚಿದಾನಂದನ ಮುಖ ಬಾಡಿದ ಸೌತೆ ಎಲೆಯಂತಾಯಿತು. ಹನೀಫಾ ಇಳಿದು, ಚಕ್ರ ನೋಡಿ, ಲಾರಿಯಿಂದ ಪಿಕ್ಕಾಸು ತಂದ.

"ಅಕ್ಕ, ಸ್ವಲ್ಪ ಬಿಡಿಸಿ ಸಂಕೋಲೆ ಹಾಕಿ ಎಳೀತೇನೆ."

"ಎಳೀತೀಯಾ? ಮೂರು ದಿನ ಈ ನೆಲಕ್ಕೆ ಉಗುರು ತಾಗಿಸಿ ನೋಡು! ಗಂಡನಿಗೆ ಬೇಡ ಅಂದವಳು ನಿನಗೆ ಹೂಂ ಅಂತೇನಾ?"

ಹನೀಫಾ ನಕ್ಕುಬಿಟ್ಟ. "ಹಾಗಾದ್ರೆ ಕೆಡ್ಡಸ ಕಳೆದು ಬರ್ತೇನೆ ಅಕ್ಕ. ನನಗೂ ಸ್ವಲ್ಪ ಕುಡುಅರಿ ಕೊಡಿ."

ಒಂದು ಮುಷ್ಟಿ ಕಿಸೆಗೆ ಹಾಕಿಕೊಂಡು ಹೋದ. ಟ್ರ್ಯಾಕ್ಟರಿನ ಪ್ರಾಣ ಮೂರು ದಿನ ಉಳಿಯಿತು, ಅಷ್ಟೇ.

ಮರುದಿನ ಬೆಳಿಗ್ಗೆ ಇನ್ನೊಂದಾಯಿತು. ಕರೆಂಟು ಮಿಣುಕುದೀಪದಷ್ಟು ಬಂದು, ಹೋಗಿ, ಮತ್ತೆ ಬಂದು, ಬಾವಿಯ ಪಂಪಿನ ಮೋಟಾರು ಸುಟ್ಟು ಕರಕಲಾಯಿತು. ಗದ್ದೆಯಲ್ಲಿ ಪೂವಮ್ಮನ ಸೌತೆ ಬಳ್ಳಿ ಹೂ ಬಿಟ್ಟು ನಿಂತಿತ್ತು. ಬಿಸಿಲು ಎಂಥದ್ದೆಂದರೆ, ಕಾಗೆಯ ನೆರಳೂ ಮರದ ಕೆಳಗೆ ಹೋಗಿ ಕೂರುತ್ತಿತ್ತು. ಮೋಟಾರಿಗೆ ಹೊಸ ತಂತಿ ಸುತ್ತುವ ವೈಂಡಿಂಗಿನವನು ಮುಂದಿನ ವಾರ ಎಂದ. ಪೂವಮ್ಮ ಕೊಡ ಹೊತ್ತಳು. ಮಧ್ಯಾಹ್ನಕ್ಕೆ ಅವಳೂ ಬಾಡಿದಳು, ಬಳ್ಳಿಯೂ ಬಾಡಿತು. ಜಗಲಿಯಲ್ಲಿ ಕೂತು ಅಪರೂಪಕ್ಕೆ ಮಾತು ನಿಲ್ಲಿಸಿದಳು.

ಅವಳ ಬೈಗುಳಕ್ಕೆ ಹೆದರದ ಚಿದಾನಂದ ಆ ಮೌನಕ್ಕೆ ಹೆದರಿ ಯಾಕೂಬನಿಗೆ ಫೋನು ಮಾಡಿದ. ಹಳೇ ಕಾಲದ ಟ್ರ್ಯಾಕ್ಟರಲ್ಲವೇ, ಅದರ ಪಕ್ಕದಲ್ಲಿ ಒಂದು ದೊಡ್ಡ ಪುಲ್ಲಿ ಇತ್ತು. ಬೆಲ್ಟು ಹಾಕಿದರೆ ನಿಂತಲ್ಲಿಂದಲೇ ಇನ್ನೊಂದು ಯಂತ್ರವನ್ನು ತಿರುಗಿಸಬಹುದು. ಇಬ್ಬರೂ ಸೇರಿ ಸುಟ್ಟ ಮೋಟಾರು ಬಿಚ್ಚಿಟ್ಟು, ಪಂಪನ್ನು ಬಾವಿಕಟ್ಟೆಯಿಂದ ಸರಿಸಿ ಪುಲ್ಲಿಯ ನೇರಕ್ಕೆ ತಂದರು. ಗೂಟ ಹೊಡೆಯುವ ಹಾಗಿಲ್ಲವಲ್ಲ, ಅಲ್ಲಾಡದಂತೆ ಸುತ್ತಲೂ ಕೆಂಪು ಕಲ್ಲು ಪೇರಿಸಿದರು. ಟ್ರ್ಯಾಕ್ಟರು ಅಲುಗುವ ಮಾತೇ ಇರಲಿಲ್ಲ. ಅದು ಹೂತದ್ದು ಈಗ ಉಪಕಾರವೇ ಆಯಿತು.

"ನೀರು ಬಿಡಬಹುದಲ್ಲ ಪೂವ? ಅದಕ್ಕೂ ಕೆಡ್ಡಸ ಅಡ್ಡ ಬರ್ತದಾ?" ಚಿದಾನಂದ ಮೆಲ್ಲ ಕೇಳಿದ.

"ತಾಯಿಗೆ ನೋವು ಮಾಡಬಾರ್ದು ಅಂತ ಉಂಟು. ನೀರು ಕೊಡಬಾರ್ದು ಅಂತ ಯಾರು ಹೇಳಿದ್ರು? ಬಿಡಿ, ಬಿಡಿ!"

ಎಂಜಿನು ಗುಡುಗಿತು, ಬೆಲ್ಟು ಪಟಪಟ ಹೊಡೆಯಿತು, ಪೈಪು ಹಾವಿನಂತೆ ಹೊರಳಿತು. ನೀರು ಹಾರಿದ ರಭಸಕ್ಕೆ ಫಲ್ಗುಣಿ ಹೊಳೆಯೇ ದಾರಿ ತಪ್ಪಿ ಗದ್ದೆಗೆ ಬಂತೇನೋ ಎನ್ನುವ ಹಾಗಾಯಿತು. ಸಂಜೆಗೆ ಬಳ್ಳಿ ತಲೆ ಎತ್ತಿತು. ಪೂವಮ್ಮ ಬದುವಿನ ಮೇಲೆ ನಿಂತು ನೋಡಿದಳು, ಹೊಗಳಲಿಲ್ಲ. "ಮೋಟಾರಿಗಿಂತ ಸ್ವಲ್ಪ ಸದ್ದು ಜಾಸ್ತಿ" ಎಂದಳು. ಅವಳ ಬಾಯಿಂದ ಅದು ಚಿನ್ನದ ಪದಕ.

ಮೂರನೇ ದಿನ ಬೆಳಿಗ್ಗೆ ತುಳಸಿಯ ಹತ್ತಿರ ನೆಲಕ್ಕೆ ಎಣ್ಣೆ ಬಿಟ್ಟು, ಭೂಮಿತಾಯಿಗೆ ಕೈಮುಗಿದು ಕೆಡ್ಡಸ ಮುಗಿಸಿದಳು. ಅದರ ಮರುದಿನ ಹನೀಫಾ ಬಂದ, ಪಿಕ್ಕಾಸಿನ ಜೊತೆಗೆ ಇಬ್ಬರು ಆಳುಗಳೂ ಇದ್ದರು. ಚಿದಾನಂದ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಹಿಡಿದು ನಿಂತಿದ್ದ, ಪಕ್ಕದಲ್ಲಿ ಯಾಕೂಬ್. ಅದು ಅಂಗಳಕ್ಕೆ ಬಂದಿರಲಿಲ್ಲ. ಮಾತು ಮಾತೇ.

"ಎಳೀಲಾ ಅಕ್ಕ?" ಎಂದ ಹನೀಫಾ.

"ಎಂತದನ್ನು?"

"ಟ್ರ್ಯಾಕ್ಟರು."

"ನಿನಗೆ ಕಣ್ಣು ಕಾಣುದಿಲ್ವ? ನನ್ನ ಪಂಪಿನ ಎಂಜಿನು ಅದು! ಅಲ್ಲಿ ಸುಟ್ಟ ಮೋಟಾರು ಬಿದ್ದುಕೊಂಡುಂಟು, ಬೇಕಾದ್ರೆ ಅದನ್ನು ತೆಗೊಂಡು ಹೋಗು."

"ಅಲ್ಲ ಅಕ್ಕ, ಅವತ್ತು ನೀವೇ..."

"ಅವತ್ತು ಹೇಳಿದ್ದು ಅವತ್ತಿಗೆ. ಪಿಕ್ಕಾಸು ಹೇಗೂ ತಂದಿದ್ದಿ, ಆಳುಗಳೂ ಉಂಟು. ಒಂದು ಕೈ ಹಾಕಿ ಚಕ್ರ ಬಿಡಿಸಿ ಕೊಡಿ. ಬಂಗುಡೆ ಪುಳಿಮುಂಚಿ ಮಾಡಿದ್ದೇನೆ, ಊಟ ಮಾಡಿಕೊಂಡು ಹೋಗುವಿರಂತೆ."

ಬಂಗುಡೆ ಮೀನಿನ ಸಾರಿನ ಹೆಸರು ಕೇಳಿದ ಮೇಲೆ ಮಣ್ಣು ಬೆಣ್ಣೆಯಾಯಿತು. ಅಗೆದರು, ಹಲಗೆ ಇಟ್ಟರು. ಯಾಕೂಬ್ ಬೆಲ್ಟು ಬಿಚ್ಚಿ ಹಿಂದಿನಿಂದ ಕೂಗಿದ, "ಮೆಲ್ಲ ಕ್ಲಚ್ಚು ಬಿಡಿ ಅಣ್ಣ!" ಚಿದಾನಂದ ಕ್ಲಚ್ಚು ಬಿಟ್ಟ. ಟ್ರ್ಯಾಕ್ಟರು ಬೆನ್ನು ನಿಮಿರಿಸಿದ ಎಮ್ಮೆಯಂತೆ ಒಮ್ಮೆ ಕೊಡವಿಕೊಂಡು ಬಿಸಿಲಿಗೆ ಬಂತು. ಅವನ ಬಾಯಿ ಕಿವಿಯಿಂದ ಕಿವಿಗೆ ಹರಡಿ, ಹಿಂದೆ ಹೋಗಿ ಗಂಟು ಹಾಕಿಕೊಳ್ಳುವುದೊಂದು ಬಾಕಿ.

ಅಂಗಳಕ್ಕೆ ಒಂದು ಸುತ್ತು ಬಂದು ಗೇಟಿನತ್ತ ತಿರುಗಿಸುವಷ್ಟರಲ್ಲಿ ಪೂವಮ್ಮ ಸೀರೆ ಎತ್ತಿ ಕಟ್ಟಿ ಮಡ್‌ಗಾರ್ಡಿನ ಮೇಲೆ ಏರಿ ಕೂತಾಗಿತ್ತು.

"ಬಲಕ್ಕೆ ತಿರುಗಿಸಿ."

"ಬಲಕ್ಕಾ? ಗದ್ದೆ ಎಡಕ್ಕಲ್ವ ಪೂವ?"

"ಗದ್ದೆ ಎಲ್ಲಿಗೂ ಓಡಿ ಹೋಗುದಿಲ್ಲ. ಮೊದಲು ಪೇಟೆಯವರು ನೋಡ್ಲಿ."