ಬಟ್ಟೆ ಕಟ್ಟಿದ ಗೂಡುಗಳು

ಅಕ್ಕನಿಗೆ ಸ್ವಂತ ದೋಣಿ ಇರಲಿಲ್ಲ. ಹಾಗಾಗಿ ಊರಿನ ದೋಣಿಗಳ ಯಜಮಾನ ಬಾಯಿಗೆ ಬಂದಂತೆ ಬೈದರೂ ಅವನ ದೋಣಿಯಲ್ಲೇ ಹೋಗಬೇಕು, ಅವನ ದೋಣಿಯಲ್ಲೇ ಬರಬೇಕು.

"ಏ, ಅತ್ಲಾಗೆ ಸರ್ಕೊಂಡು ಕೂತ್ಕೊಳ್ಳೇ. ನಿನ್ನ ನಾತಕ್ಕೆ ಮೀನೂ ವಾಂತಿ ಮಾಡ್ಕೊಳ್ತವೆ," ಅಂದ ಯಜಮಾನ.

ದೋಣಿಯಲ್ಲಿದ್ದವರು ನಕ್ಕರು. ಅಕ್ಕನೂ ನಕ್ಕಳು. ಅವತ್ತು ಯಾರ ಮಾತೂ ಅವಳಿಗೆ ನಾಟುವಂತಿರಲಿಲ್ಲ. ಎದುರಿಗೆ ಕ್ರೇನು ಕಾಂಕ್ರೀಟಿನ ಗೂಡುಗಳನ್ನು ಒಂದೊಂದಾಗಿ ಸಮುದ್ರಕ್ಕೆ ಇಳಿಸುತ್ತಿತ್ತು.

ಯಜಮಾನನ ದೊಡ್ಡ ದೋಣಿಗಳು ತಳಕ್ಕೆ ಬಲೆ ತಾಗಿಸಿ ಎಳೆದೂ ಎಳೆದೂ ಸಮುದ್ರದ ತಳವನ್ನು ಗುಡಿಸಿದ ಅಂಗಳ ಮಾಡಿಟ್ಟಿದ್ದವು. ಬಂಡೆಯ ಸಂದಿಯೇ ಇಲ್ಲದ ಮೇಲೆ ಆಕ್ಟೋಪಸ್ ಎಲ್ಲಿ ಸಂಸಾರ ಹೂಡಬೇಕು? ಮುಳುಗಿ, ಕೊಕ್ಕೆ ಹಾಕಿ ಅದನ್ನು ಹಿಡಿದು ಬದುಕುವ ಕೇರಿ ಏನು ತಿನ್ನಬೇಕು? ಮೀನುಗಾರಿಕೆ ಇಲಾಖೆಯ ಸಾಹೇಬರು ಗೂಡಿನ ನಕ್ಷೆ ಹಾಕಿದರು. ಬಾಯಿ ಕಿರಿದು, ಒಳಗೆ ಅಗಲ, ಎಳೆಯುವ ಬಲೆ ಸಿಕ್ಕಿ ಹರಿಯಲೆಂದು ಮೇಲೆ ಕಬ್ಬಿಣದ ಕೊಂಡಿ.

"ಇದು ನಿಮ್ಮದೇ ತೋಟ ಅಂದ್ಕೊಳ್ಳಿ. ನೀವೇ ಬೆಳೀರಿ, ನೀವೇ ಕೊಯ್ಕೊಳ್ಳಿ," ಅಂದಿದ್ದರು.

ಆ ಒಂದು ಮಾತಿಗೆ ಕೇರಿಯ ಹೆಂಗಸರು ಕೂಲಿ ಕೇಳದೆ ಜಲ್ಲಿ ಹೊತ್ತರು. ಅಕ್ಕನ ನಡುನೆತ್ತಿಯ ಕೂದಲು ಸವೆದುಹೋಯಿತು. ಗೂಡುಗಳ ಕಾವಲಿಗೆ ಅವಳ ತಮ್ಮನನ್ನೇ ಹಾಕಿದರು. ಹೆತ್ತವಳು ಸತ್ತ ಮೇಲೆ ಅಕ್ಕ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ.

ನಕ್ಷೆ ಸುಳ್ಳಾಗಲಿಲ್ಲ. ಮುಂದಿನ ವರ್ಷಕ್ಕೆ ಗೂಡುಗಳು ತುಂಬಿದವು. ಮೊಟ್ಟೆಯಿಟ್ಟ ಆಕ್ಟೋಪಸ್ ಗೂಡಿನ ಬಾಯಿಗೆ ಕಲ್ಲು, ಚಿಪ್ಪು ಒಟ್ಟಿಕೊಂಡು ಒಳಗೇ ಕೂರುತ್ತದೆ. ತಿನ್ನುವುದಿಲ್ಲ, ಹೊರಗೆ ಬರುವುದಿಲ್ಲ. ಮರಿ ಹೊರಬಿದ್ದ ಮೇಲೆ ಸಾಯುತ್ತದೆ. ಅಂಥ ಗೂಡಿಗೆ ಕೇರಿಯವರು ಕೊಕ್ಕೆ ಹಾಕುವವರಲ್ಲ. ಮೊದಲು ಕಂಡವರು ಪಕ್ಕದಲ್ಲೊಂದು ಬಿಳಿ ಬಟ್ಟೆಯ ಚೂರು ಕಟ್ಟಬೇಕು. ಒಳಗೆ ಬಾಣಂತಿ ಇದ್ದಾಳೆ, ಮುಂದೆ ಹೋಗು ಅಂತ ಅದರ ಅರ್ಥ. ಅಕ್ಕ ಹಳೆಯ ಹೊದಿಕೆಯೊಂದನ್ನು ಹರಿದು ಕೊಂಡಿಕೊಂಡಿಗೂ ಕಟ್ಟಿ ಬಂದಳು.

ಒಂದು ಬೆಳಿಗ್ಗೆ ದೋಣಿ ನಿಲ್ಲುವ ಧಕ್ಕೆಯ ಮೇಲೆ ಯಜಮಾನನ ಕ್ರೇಟುಗಳ ಮುಂದೆ ಅವಳ ಕಾಲು ನಿಂತುಹೋಯಿತು. ಉಪವಾಸ ಕೂತು ಬಡಕಲಾದ ಆಕ್ಟೋಪಸ್‌ಗಳು. ಒಂದರ ಕಾಲಿಗೆ ಅಕ್ಕಿಕಾಳಿನಂಥ ಮೊಟ್ಟೆಗಳ ಗೊಂಚಲು ಇನ್ನೂ ಅಂಟಿಕೊಂಡಿತ್ತು. ಬ್ಲೀಚಿಂಗ್ ಪುಡಿಯ ಘಾಟು ಮೂಗಿಗೆ ಹೊಡೆಯಿತು.

"ಇವು ಬಟ್ಟೆ ಕಟ್ಟಿದ್ದ ಗೂಡಿನವಲ್ವಾ?"

"ಹೌದಲ್ಲೇ," ಅಂದ ಯಜಮಾನ. "ಒಳ್ಳೇದಾಯ್ತು, ಮನೆಮನೆಗೂ ಬೋರ್ಡು ಹಾಕಿಟ್ಟಿದ್ರಿ. ನಮ್ಮ ಹುಡುಗ್ರು ನೇರ ಹೋಗಿ ಬ್ಲೀಚಿಂಗ್ ನೀರು ಬಿಟ್ಟು ಹೊರಗೆಳೆದ್ರು. ಮೊಟ್ಟೆ ಕಾಯೋ ಮುಂಡೇವು, ಓಡೋದೂ ಇಲ್ಲ."

ಇಲಾಖೆಯಲ್ಲಿ ಸಾಹೇಬರು ಅವಳಿಗೆ ಕುರ್ಚಿ ತೋರಿಸಲಿಲ್ಲ.

"ಅದನ್ನ ನಿರ್ವಹಣೆಗೆ ಯಜಮಾನರಿಗೆ ಕೊಟ್ಟಾಗಿದೆಯಮ್ಮ. ಗಡಿ ಗುರುತಿಗೆ ಹಳದಿ ಬುರುಡೆ ತೇಲ್ಬಿಟ್ಟಿದೀವಲ್ಲ, ಅದರೊಳಗೆ ನಿಮ್ಮೋರು ಬರೋ ಹಾಗಿಲ್ಲ."

"ನಮ್ದೇ ತೋಟ ಅಂದಿದ್ರಿ ಸಾಹೇಬ್ರೇ."

"ಮಾತಿಗೆ ಅಂದಿದ್ದಮ್ಮ. ಗೂಡು ಚೆನ್ನಾಗಿ ಕೆಲಸ ಮಾಡ್ತಿದೆ, ಸಂತೋಷಪಡಿ. ಕಾಲು ಒದ್ದೆ ಇದೆ ನಿಮ್ದು, ನೆಲ ಗಲೀಜಾಗ್ತಿದೆ. ಹೊರಗೆ ನಡೀರಿ."

ಮನೆಯಲ್ಲಿ ತಮ್ಮ ಊಟಕ್ಕೆ ಕೂತಿದ್ದ.

"ಬಟ್ಟೆ ಕಟ್ಟೋದು ಯಾಕೆ ಅಂತ ಅವರಿಗೆ ಹೇಳಿದ್ದು ಯಾರೋ?"

ತಮ್ಮ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಕೇಳಿದ್ರು. ಹೇಳ್ದೆ."

"ಅಕ್ಕ ಎಲ್ಲಿ ಮಲಗ್ತಾಳೆ ಅಂತ ಕೇಳಿದ್ರೂ ಹೇಳ್ತೀಯೇನೋ ಬೇವರ್ಸಿ?"

"ಹೆಂಗಿದ್ರೂ ಸಾಯೋ ಪ್ರಾಣಿ ಅಕ್ಕಾ ಅದು. ಅದಕ್ಕೋಸ್ಕರ ನಾನ್ಯಾಕೆ ಕೆಲಸ ಕಳ್ಕೊಳ್ಲಿ?"

"ನಿನ್ನ ಹೆತ್ತವಳೂ ಹೆಂಗಿದ್ರೂ ಸಾಯೋಳೇ ಆಗಿದ್ಲು. ನಿನ್ನನ್ನ ಪಕ್ಕದಲ್ಲಿ ಹಾಕ್ಕೊಂಡು ಮಲಗಿದ್ಲಲ್ಲ, ಆಗ ಅವಳ ಮೈಮೇಲೆ ಯಾರಾದ್ರೂ ಬ್ಲೀಚಿಂಗ್ ನೀರು ಸುರಿದ್ರೇನೋ?"

ತಮ್ಮ ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡ.

ಮರುದಿನ ಸುಡುಬಿಸಿಲಲ್ಲಿ, ಎಲ್ಲರೂ ನೋಡುತ್ತಿದ್ದ ಹಾಗೆಯೇ, ಅಕ್ಕ ಖಾಲಿ ಡ್ರಮ್ಮುಗಳ ತೆಪ್ಪದ ಮೇಲೆ ಹೊರಟಳು. ಕೈಯಲ್ಲಿ ಚಾಕು. ಹಳದಿ ಬುರುಡೆಗಳ ಹಗ್ಗ ಒಂದೊಂದಾಗಿ ಕೊಯ್ದಳು. ಕೊನೆಯದು ಕೊಯ್ಯುವ ಹೊತ್ತಿಗೆ ಕಾವಲು ದೋಣಿ ಬಂತು. ಯಜಮಾನ ಹಿಂದೆ ನಿಂತಿದ್ದ, ಮುಂದೆ ತಮ್ಮ.

"ಹಿಡಿಯೋ ನಿನ್ನಕ್ಕನ್ನ," ಅಂದ ಯಜಮಾನ.

"ಗೆರೆ ದಾಟಿದೀಯ ಅಕ್ಕಾ. ಆಚೆ ಹೋಗು."

ಬುರುಡೆಗಳು ಅಲೆಯ ಮೇಲೆ ದೂರ ದೂರ ಹೋಗುತ್ತಿದ್ದವು. ನೀರು ಎಲ್ಲ ಕಡೆಯೂ ಒಂದೇ ಬಣ್ಣ.

"ಎಲ್ಲೋ ಗೆರೆ? ತೋರ್ಸು."

ತಮ್ಮ ದೋಣಿಯ ಗಳ ಎತ್ತಿದ.

ಆ ವರ್ಷ ಹೋದದ್ದು ಇಷ್ಟು: ಮೂವತ್ತೆಂಟು ತಾಯಂದಿರು, ಅವು ಕಾಯುತ್ತಿದ್ದ ಮೊಟ್ಟೆ ಅಷ್ಟೂ, ಇಲಾಖೆಯ ನಾಲ್ಕು ಬುರುಡೆ, ಅಕ್ಕನ ಎರಡು ಹಲ್ಲು, ಒಬ್ಬ ತಮ್ಮ.