ಮೋತ್ಯಾಗೆ ಬರೆ ಬೇಡ

ಮಸೂತಿ ಊರಿನ ಶಂಕ್ರೆವ್ವನ ಮನೆಯಲ್ಲಿ ಆ ಬೆಳಿಗ್ಗೆ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು, ಒಲೆಯೊಳಗೆ ಕುಡಗೋಲು ಕಾಯುತ್ತಿತ್ತು. ಅದನ್ನು ಕಾಯಲು ಇಟ್ಟವನು ಅವಳ ಗಂಡ ಬಸಂತರಾಯ. ಹಿಂಗಾಲು ಸೋತು ಮೂಲೆ ಹಿಡಿದಿದ್ದ ನಾಯಿ ಮೋತ್ಯಾನ ಸೊಂಟಕ್ಕೆ ಇವತ್ತು ಬರೆ ಹಾಕಿಯೇ ತೀರುವುದೆಂದು ಅವನು ಹಟ ಹಿಡಿದಿದ್ದ.

ಮೋತ್ಯಾಗೆ ವಯಸ್ಸಾಗಿತ್ತು. ಮೊದಲು ಶಂಕ್ರೆವ್ವ ಹೊಲಕ್ಕೆ ಹೊರಟರೆ ಅವಳಿಗಿಂತ ಮುಂದೆ ಓಡುತ್ತಿತ್ತು. ಈಗ ನೆಲಕ್ಕೆ ಹಾಸಿದ ನುಣುಪಾದ ಫರಸಿಕಲ್ಲಿನ ಮೇಲೆ ಏಳಲು ಹೋದರೆ ಕಾಲು ಜಾರಿ ಕುಸಿಯುತ್ತಿತ್ತು. ಕುಸಿದು, ಏನೋ ತಪ್ಪು ಮಾಡಿದಂತೆ ಅವಳ ಮುಖ ನೋಡುತ್ತಿತ್ತು.

"ಬ್ಯಾಡ್ರಿ, ಮೊದಲ ನೊಂದೈತಿ," ಎಂದಳು ಶಂಕ್ರೆವ್ವ.

"ನಮ್ಮ ಎತ್ತಿಗೆ ಬರಿ ಕೊಟ್ಟಾಗ ದಡಕ್ಕನ ಎದ್ದು ನಿಂತಿರಲಿಲ್ಲೇನು? ನೋಡಾಕ ಆಗಲಿಲ್ಲಂದ್ರ ಕಣ್ಣು ಮುಚ್ಕೊ," ಎಂದು ಬಸಂತರಾಯ ಹಗ್ಗ ತರಲು ಹಿತ್ತಿಲಿಗೆ ಹೋದ.

ಕುಡಗೋಲು ಕೆಂಪಾಗುವುದರೊಳಗೆ ನಾಯಿ ಎದ್ದು ನಿಂತರೆ ಸಾಕಿತ್ತು. ಶಂಕ್ರೆವ್ವ ತನ್ನ ಮಂಡಿನೋವಿನ ಗುಳಿಗೆಯನ್ನು ಅರ್ಧ ಮುರಿದು ರೊಟ್ಟಿಯ ಚೂರಿನಲ್ಲಿ ಸುತ್ತಿದಳು. "ತಿನ್ನೋ ನನ್ನಪ್ಪಾ. ನನಗ ಇದ ಗುಣ ಕೊಟ್ಟೈತಿ, ನಿನಗೂ ಕೊಡತೈತಿ."

"ಚಿಗವ್ವಾ, ತಡಿ!"

ಬಾಗಿಲಲ್ಲಿ ಸುನಂದಾ ನಿಂತಿದ್ದಳು. ಅವಳು ಊರಿನ ಪಶುಸಖಿ. ಆಡು-ದನಗಳ ಆರೈಕೆಯಲ್ಲಿ ತರಬೇತಿ ಪಡೆದವಳು. ಬಂದವಳೇ ರೊಟ್ಟಿಯ ಚೂರನ್ನು ಕಸಿದುಕೊಂಡಳು.

"ಮನಷ್ಯಾರ ನೋವಿನ ಗುಳಿಗಿ ನಾಯಿಗೆ ವಿಷ ಆದಂಗ. ಹೊಟ್ಟ್ಯಾಗ ಹುಣ್ಣಾಗತಾವು, ಕಿಡ್ನಿ ಕೆಡತಾವು. ಜೀವಾನ ಹೋಗಬಹುದು."

ಶಂಕ್ರೆವ್ವ ಉಳಿದರ್ಧ ಗುಳಿಗೆಯನ್ನು ಒಲೆಗೆ ಎಸೆದಳು. "ಅಯ್ಯ ಶಿವನ! ನಾನ ನನ್ನ ಕೈಯಾರೆ..."

ಅಷ್ಟರಲ್ಲಿ ಬಸಂತರಾಯ ಹಗ್ಗದೊಂದಿಗೆ ಬಂದ. "ಬಂದಳು ನೋಡು ಡಾಕ್ಟರಬಾಯಿ! ಗುಳಿಗಿ ಬ್ಯಾಡ, ಬರಿ ಬ್ಯಾಡ. ಮತ್ತೇನು, ಕುಂದ್ರಿಸಿ ಆರತಿ ಎತ್ತೂನೇನು?"

"ಆರತಿ ಆಮ್ಯಾಲ ಎತ್ತೂಣು ಕಾಕಾ. ನಿಮ್ಮ ಎತ್ತು ಅವತ್ತು ನೋವು ಹೋಗಿ ಎದ್ದಿರಲಿಲ್ಲ, ಉರಿ ತಾಳಲಾರದ ಎದ್ದಿತ್ತು. ಮರುದಿನ ಮತ್ತ ಮಲಗಲಿಲ್ಲೇನು?"

ಬಸಂತರಾಯ ಹಗ್ಗ ಕೆಳಗಿಟ್ಟು, ಕುಡಗೋಲನ್ನು ಒಲೆಯಿಂದ ಹೊರಗೆಳೆದ. ಎತ್ತು ಮಲಗಿದ್ದೂ ನಿಜ, ಬರೆಯ ಗಾಯಕ್ಕೆ ಹುಳ ಬಿದ್ದದ್ದೂ ನಿಜ. "ಮುದಿ ನಾಯಿಗೆ ಯಾವ ದವಾಖಾನಿ," ಎಂದು ಗೊಣಗಿದ. ಆದರೆ ಟಂಟಂ ಆಟೋ ಕರೆಯಲು ಹೋದವನೂ ಅವನೇ.

ಮೋತ್ಯಾನನ್ನು ಕೌದಿಯ ಮೇಲೆ ಮಲಗಿಸಿ, ನಾಲ್ಕೂ ಮೂಲೆ ಹಿಡಿದೆತ್ತಿ, ಬಾಗೇವಾಡಿಯ ಪಶು ಆಸ್ಪತ್ರೆಗೆ ಒಯ್ದರು. ಅಲ್ಲಿ ಡಾಕ್ಟರ್ ರಾಜೇಶ್ವರಿ ಅದರ ಬೆನ್ನು, ಸೊಂಟ, ಕಾಲುಗಳನ್ನು ಮೆಲ್ಲಗೆ ಒತ್ತಿ ನೋಡಿದರು.

"ಸೊಂಟದ ಕೀಲು ಸವದಾವ್ರಿ. ಅದರ ಮ್ಯಾಲ ತೂಕಾನೂ ಭಾಳ ಐತಿ. ತಿನ್ನಾಕ ಏನು ಹಾಕ್ತೀರಿ?"

"ಒಂದ ರೊಟ್ಟಿರಿ," ಎಂದಳು ಶಂಕ್ರೆವ್ವ.

"ಅದು ನಿಮ್ಮ ಮನಿದು ಚಿಗವ್ವಾ," ಎಂದಳು ಸುನಂದಾ. "ಓಣಿದೂ ಹೇಳು."

ಮೋತ್ಯಾ ಮಲಗಿದಂದಿನಿಂದ ಓಣಿಯ ಸಾವಿತ್ರವ್ವ ಬೆಲ್ಲ ಬೆರೆಸಿದ ಸಿಹಿ ಮಾದಲಿ ತಂದಿಡುತ್ತಿದ್ದಳು. ನೆರೆಮನೆಯ ಹಜರಾಬಿ ಸಾರಿನಲ್ಲಿ ನೆನೆಸಿದ ರೊಟ್ಟಿ ಕಳಿಸುತ್ತಿದ್ದಳು. ಪಾಪ ನಡೆಯಲಾರದು, ಹೊಟ್ಟೆಯಾದರೂ ತುಂಬಲಿ ಎಂದು ಎಲ್ಲರ ಮರುಕ.

ಡಾಕ್ಟರ್ ನಕ್ಕರು. "ಓಣಿಯವರ ಪ್ರೀತಿ ಎಲ್ಲಾ ಈ ಸೊಂಟದ ಮ್ಯಾಲ ಕುಂತೈತಿ ನೋಡ್ರಿ."

ನಾಯಿಗೆಂದೇ ಇರುವ ನೋವಿನ ಔಷಧವನ್ನು ತೂಕ ನೋಡಿ ಕೊಟ್ಟರು. ಜಾರುವ ನೆಲಕ್ಕೆ ಗೋಣಿಚೀಲ ಹಾಸಿ, ಮಲಗಲು ದಪ್ಪನೆಯ ಹಾಸಿಗೆ ಮಾಡಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಸೊಂಟಕ್ಕೆ ಶಾಖ ಕೊಡಿ ಎಂದರು. ಕಾಲನ್ನು ನೋಯದಷ್ಟೇ ಮಡಿಸಿ ಬಿಡಿಸುವುದನ್ನೂ, ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಹಿಂಭಾಗವನ್ನು ಹಗುರಾಗಿ ಎತ್ತಿ ನಡೆಸುವುದನ್ನೂ ತೋರಿಸಿದರು. "ಒಮ್ಮೆಲೆ ದೂರ ಒಯ್ಯಬ್ಯಾಡ್ರಿ. ಸ್ವಲ್ಪ ಸ್ವಲ್ಪ, ದಿನಾ."

ಮನೆಯಲ್ಲಿ ಶಾಖ ಕೊಡುವಾಗ ನೀರನ್ನು ಮೊದಲು ತನ್ನ ಮಣಿಕಟ್ಟಿಗೆ ಹಚ್ಚಿ ನೋಡುತ್ತಿದ್ದವನು ಬಸಂತರಾಯ. ಮೋತ್ಯಾ ಹಾಯೆನಿಸಿ ಕಣ್ಣು ಮುಚ್ಚಿ ಅವನ ಪಾದದ ಮೇಲೆ ಗದ್ದ ಇಡುತ್ತಿತ್ತು. ಅದು ನಿದ್ದೆ ಹೋದರೆ ಅವನು ಕಾಲು ಜೋಮು ಹಿಡಿದರೂ ಕದಲುತ್ತಿರಲಿಲ್ಲ. ಸಾವಿತ್ರವ್ವ ಮತ್ತೆ ಮಾದಲಿ ತಂದಾಗ ಅವನೇ ತಡೆದ. "ಬ್ಯಾಡವ್ವಾ. ಅಷ್ಟು ಪ್ರೀತಿ ಇದ್ರ ಈ ಟವೆಲ್ಲಿನ ಆ ತುದಿ ಹಿಡಿ."

ವಾರಗಳು ಕಳೆದವು. ಒಂದು ಮುಂಜಾನೆ ಹಜರಾಬಿಯ ಹುಂಜ ಗತ್ತಿನಿಂದ ಅಂಗಳಕ್ಕೆ ಬಂತು. ಮೋತ್ಯಾ ಬೊಗಳಿತು, ಎದ್ದಿತು, ಕುಂಟುತ್ತಲೇ ಅದರ ಬೆನ್ನು ಹತ್ತಿತು. ಹುಂಜ ಗೋಡೆ ಹಾರಿ ಹೋಯಿತು. ಮೋತ್ಯಾ ಅಂಗಳದ ನಡುವೆ, ಯಾರ ಆಸರೆಯೂ ಇಲ್ಲದೆ, ಬಾಲ ಅಲ್ಲಾಡಿಸುತ್ತ ನಿಂತಿತ್ತು. ಶಂಕ್ರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ನಾಯಿ ಏಳಲು ತಡವರಿಸುತ್ತಿದೆಯೇ? ಮುಟ್ಟಿದರೆ ಗುರ್ರೆನ್ನುತ್ತಿದೆಯೇ? ಅದು ಸೋಮಾರಿತನವಲ್ಲ, ಸಿಟ್ಟೂ ಅಲ್ಲ, ನೋವಿರಬಹುದು. ಬರೆ ಹಾಕಬೇಡಿ, ನಿಮ್ಮ ಗುಳಿಗೆ ಕೊಡಬೇಡಿ. ಪಶುವೈದ್ಯರಿಗೆ ತೋರಿಸಿ. ಕಾಲು ಇದ್ದಕ್ಕಿದ್ದಂತೆ ಸ್ವಾಧೀನ ತಪ್ಪಿದರೆ ಅಂದೇ ಕರೆದೊಯ್ಯಿರಿ. ಎಲ್ಲ ನಾಯಿಗಳೂ ಮೊದಲಿನಂತೆ ಓಡಲಾರವು, ನಿಜ. ಆದರೆ ನೋವಿಲ್ಲದೆ ನಿದ್ದೆ ಮಾಡುವ ಹಾಗಾದರೂ ನಾವು ನೋಡಿಕೊಳ್ಳೋಣ. ಇಂದು ಅದರ ಪಕ್ಕದಲ್ಲಿ ಒಂದು ಗಳಿಗೆ ಕುಳಿತು, ಅದು ಹೇಗೆ ಏಳುತ್ತದೆ ನೋಡಿ.