ಟ್ಯಾಂಕಿನ ಮೇಲಿದ್ದ ಡಿಶ್ ನಾನು

ನಾನು ಒಂದು ಡಿಶ್. ಟಿವಿಗೆ ಚಾನೆಲ್ ತರುವ ಡಿಶ್ ಅಲ್ಲ. ದೂರದ ಟವರಿನಿಂದ ಊರಿಗೆ ಇಂಟರ್ನೆಟ್ ಹಿಡಿದುಕೊಡುವ ಡಿಶ್. ಕಾರ್ಖಾನೆಯಲ್ಲಿ ತಗಡು ಒತ್ತಿ, ಬಿಳಿ ಬಣ್ಣ ಬಳಿದು, ಬೆನ್ನಿಗೆ ರೇಡಿಯೋ ಪೆಟ್ಟಿಗೆ ಕಟ್ಟಿ ನನ್ನನ್ನು ರಟ್ಟಿನ ಡಬ್ಬಿಯಲ್ಲಿ ಮಲಗಿಸಿದರು. ಮತ್ತೆ ಬೆಳಕು ಕಂಡದ್ದು ಕೆಂಚನಗುಡ್ಡದ ಪಂಚಾಯ್ತಿ ಗ್ರಂಥಾಲಯದಲ್ಲಿ. ಡಬ್ಬಿ ಬಿಚ್ಚಿದವಳು ಅಲ್ಲಿನ ಮೇಲ್ವಿಚಾರಕಿ ನೀಲಗಂಗಾ.

ಆ ಊರಲ್ಲಿ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕಿತ್ತು. ರೇಷನ್ ಅಂಗಡಿಯವನು ತಿಂಗಳಿಗೊಮ್ಮೆ ಹೆಬ್ಬೆಟ್ಟಿನ ಮಷೀನನ್ನು ಗುಡ್ಡದ ತುದಿಗೆ ಹೊತ್ತೊಯ್ಯುತ್ತಿದ್ದ. ಮುದುಕರು ಬಂಡೆ ಹಿಡಿದು ಹತ್ತಿ, ಹೆಬ್ಬೆಟ್ಟು ಒತ್ತಿ, ಇಳಿದು ಬಂದು ಅಕ್ಕಿ ಒಯ್ಯುತ್ತಿದ್ದರು.

ನಾನು ಬರುವ ಮೊದಲೇ ನೀಲಗಂಗಾ ಮನೆಮನೆ ತಿರುಗಿ, ಯಾರಿಗೆ ಇಂಟರ್ನೆಟ್ ಯಾತಕ್ಕೆ ಬೇಕೆಂದು ಬರೆದುಕೊಂಡಿದ್ದಳಂತೆ. ಟವರ್ ಕಂಪನಿಯವರು ಊರು ಚಿಕ್ಕದೆಂದು ಕೈಬಿಟ್ಟಿದ್ದರು. ಕೇಬಲ್ ಗುರುಸಂಗಪ್ಪ ತನ್ನ ವೈರನ್ನು ಅಗಸಿ ಓಣಿಗೆ ಮಾತ್ರ ಎಳೆಯುತ್ತೇನೆಂದಿದ್ದ. ನೇಕಾರರ ಓಣಿ ಅವನಿಗೆ ದೂರವಾಗಿತ್ತು. ಉಳಿದದ್ದು ನಾನು. ನೀರಿನ ಟ್ಯಾಂಕಿನ ಮೇಲೆ ನಿಂತರೆ ಗುಡ್ಡದ ಸಂದಿಯಲ್ಲಿ ತಾಲ್ಲೂಕಿನ ಟವರ್ ಕಾಣುತ್ತದೆಂದು ಅವಳೇ ಹತ್ತಿ ನೋಡಿ ಬಂದಿದ್ದಳು.

"ಬುಕ್ ಹಂಚು ಹೆಣ್ಮಗಳು ಊರಿಗೆ ನೆಟ್ ಹಂಚ್ತಾಳಂತ!" ಎಂದು ಗುರುಸಂಗಪ್ಪ ಗ್ರಾಮಸಭೆಯಲ್ಲಿ ನಕ್ಕ. ಸಭೆ ನಗಲಿಲ್ಲ. ನನ್ನನ್ನೇ ಆರಿಸಿತು.

ಮೊದಲ ನಾಲ್ಕು ತಿಂಗಳು ನಾನು ಟ್ಯಾಂಕಿನ ಮೇಲೆ ಸುಖವಾಗಿದ್ದೆ. ಹೆಬ್ಬೆಟ್ಟಿನ ಮಷೀನು ಗುಡ್ಡ ಇಳಿದು ಅಂಗಡಿಯಲ್ಲೇ ಕೂತಿತು.

ಐದನೆಯ ತಿಂಗಳ ರೇಷನ್ ದಿನ, ಬೆಳಗಿನ ಆರಕ್ಕೆ ಗುರುಸಂಗಪ್ಪ ಪಾನಾ ಹಿಡಿದು ಮೇಲೆ ಬಂದ. ನಟ್ಟು ಸಡಿಲಿಸಿ ನನ್ನ ಮುಖವನ್ನು ನಾಲ್ಕು ಬೆರಳಿನಷ್ಟು ತಿರುಗಿಸಿ ಇಳಿದು ಹೋದ. ಅಷ್ಟೇ ಸಾಕಾಗಿತ್ತು. ಊರು ಕುರುಡಾಯಿತು. ನೀಲಗಂಗಾ ತಾಲ್ಲೂಕಿನ ಹುಸೇನ್ ಮೇಸ್ತ್ರಿಯನ್ನು ಕರೆಸಿ ಸರಿಮಾಡಿಸಿದಳು. ಮರುತಿಂಗಳು ರೇಷನ್ ದಿನ ಗುರುಸಂಗಪ್ಪ ಮತ್ತೆ ಬಂದ. ಗಾಳಿಗೆ ತಿರುಗಿರಬೇಕೆಂದರು ಜನ. "ನಾ ಹೇಳಿರಲಿಲ್ಲೇನು?" ಎಂದು ಅವನು ಚಹಾದಂಗಡಿಯಲ್ಲಿ ಹೇಳುತ್ತಾ ಕೂತ.

ಮೂರನೆಯ ಸಲ ಅವನು ನನ್ನನ್ನು ತಿರುಗಿಸಿದಾಗ ಮಷೀನು ಮತ್ತೆ ಗುಡ್ಡ ಹತ್ತಿತು. ಅದರ ಹಿಂದೆ ನೇಕಾರರ ಓಣಿಯ ದಾವಲಬಿಯೂ ಹತ್ತಿದಳು. ಎಪ್ಪತ್ತು ದಾಟಿದ ಒಂಟಿ ಜೀವ. ಇಳಿಯುವಾಗ ಜಾರಿ ಬಿದ್ದು ಸೊಂಟ ಮುರಿಯಿತು. ಕಂಬಳಿಯಲ್ಲಿ ಹೊತ್ತು ತಂದದ್ದನ್ನು ನಾನು ಮೇಲಿಂದ ನೋಡಿದೆ. ಆ ಗಳಿಗೆಯಿಂದ ನನಗೆ ಬೇಕಾಗಿದ್ದುದು ಒಂದೇ: ಗುರುಸಂಗಪ್ಪ ಅಳಬೇಕು.

ನನಗೆ ಬಾಯಿ ಇರಲಿಲ್ಲ. ಬೆನ್ನಿನ ಪೆಟ್ಟಿಗೆಗೆ ನೆನಪಿತ್ತು. ಹುಸೇನ್ ಮೇಸ್ತ್ರಿ ಅದನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ನೀಲಗಂಗಾಳಿಗೆ ತೋರಿಸಿದ.

"ಮಳಿ ಬಂದ್ರ ಸಿಗ್ನಲ್ ಸಾವಕಾಶ ಇಳಿತೈತ್ರಿ ಅಕ್ಕಾರ. ಇದು ಗಪ್ಪನ ಬಿದ್ದೈತಿ. ಮೂರೂ ಸಲ ರೇಷನ್ ದಿನಾನ, ಮುಂಜಾನೆ ಆರಕ್ಕ. ಯಾರೋ ತಿರುವ್ಯಾರ."

ನೀಲಗಂಗಾ ಲ್ಯಾಪ್‌ಟಾಪ್ ಮುಚ್ಚಿದಳು.

ಮುಂದಿನ ರೇಷನ್ ದಿನ ಗುರುಸಂಗಪ್ಪ ಬಂದ. ಟ್ಯಾಂಕಿನ ಕೆಳಗಿನ ಮೆಟ್ಟಿಲುಗಳು ಮುರಿದಿದ್ದರಿಂದ ಅಲ್ಲಿಗೊಂದು ಮರದ ಏಣಿ ಒರಗಿಸಿರುತ್ತಿತ್ತು. ನನ್ನ ಮುಖ ತಿರುಗಿಸಿ ಅವನು ನಟ್ಟು ಬಿಗಿಯುತ್ತಿದ್ದಾಗ ಕೆಳಗೆ ಮರ ಉಜ್ಜಿದ ಸದ್ದು ಕೇಳಿತು. ನೀಲಗಂಗಾ ಮತ್ತು ನೇಕಾರರ ಓಣಿಯ ನಾಲ್ವರು ಹೆಂಗಸರು ಏಣಿಯನ್ನು ಹೊತ್ತುಕೊಂಡು ಹೋಗುತ್ತಿದ್ದರು.

"ಏ ನೀಲಾ! ಏಣಿ ಇಡು!"

"ಊರ ಮಂದಿ ಏಳ್ಲಿ ತಡಿ, ಸಂಗಣ್ಣ."

ಊರು ಎದ್ದಿತು. ಟ್ಯಾಂಕಿನ ಸುತ್ತ ನೆರೆಯಿತು. ಗುರುಸಂಗಪ್ಪ ಮೊದಲು ಬೈದ, ಆಮೇಲೆ ರಿಪೇರಿಗೆ ಬಂದೆನೆಂದ. ಬಿಸಿಲೇರಿತು. ಮುಚ್ಚಳಕ್ಕೆ ಬೀಗವಿದ್ದುದರಿಂದ ಊರಿಗೆಲ್ಲ ಸಾಕಾಗುವ ನೀರಿನ ಮೇಲೆ ಕೂತು ಒಂದು ಗುಟುಕು ನೀರಿಗಾಗಿ ಬೇಡಿಕೊಂಡ. ನನ್ನ ನೆರಳಿಗೆ ಸರಿದ. ಆ ನೆರಳನ್ನು ಹಿಂತೆಗೆದುಕೊಳ್ಳುವ ಶಕ್ತಿ ನನಗಿರಲಿಲ್ಲವಲ್ಲ ಎಂದು ಇಂದಿಗೂ ಹೊಟ್ಟೆ ಉರಿಯುತ್ತದೆ.

ಅಷ್ಟರಲ್ಲಿ ದಾವಲಬಿಯನ್ನು ಮಲಗಿದ್ದ ಹೊರಸಿನ ಸಮೇತ ತಂದು ಟ್ಯಾಂಕಿನ ಬುಡದಲ್ಲಿ ಇಳಿಸಿದರು.

"ಹೇಳು, ಆಕಿ ಮುಂದ ಹೇಳು" ಎಂದಳು ನೀಲಗಂಗಾ.

ಅವನು ಅಂಚಿಗೆ ಸರಿದು ಕೊನೆಗೆ ಕೂಗಿದ, "ನಾನ ತಿರುವೀನಿ! ಮೂರೂ ಸಲ ನಾನ! ತಪ್ಪಾತು ದಾವಲಮ್ಮಾ, ಇಳಸ್ರಿ ನನ್ನ!"

ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. "ನನ್ನ ಸೊಂಟ ಕೊಡಪಾ. ಆಮ್ಯಾಲ ಇಳಿ."

ಅವನು ಅತ್ತ. ನಾನು ಹತ್ತಿರದಿಂದ ನೋಡಿದೆ. ಹಿತವಾಗಿತ್ತು.

ಅವನು ತನ್ನ ಕೈಯಾರೆ ನನ್ನನ್ನು ಸರಿಪಡಿಸುವ ತನಕ ನೀಲಗಂಗಾ ಬಿಡಲಿಲ್ಲ. "ಎಡಕ್ಕ... ಇನ್ನೊಂದೀಟು... ಹೆಚ್ಚಾತು" ಎಂದು ಕೆಳಗಿನಿಂದ ಹೇಳುತ್ತಿದ್ದಳು. ಕಾದ ತಗಡಿಗೆ ಅವನ ಅಂಗೈ ಸುಟ್ಟಿತು. ಸಿಗ್ನಲ್ ಬಂದಾಗ ನೆತ್ತಿಯ ಮೇಲೆ ಸೂರ್ಯನಿದ್ದ. ಹೊರಸಿನಲ್ಲೇ ದಾವಲಬಿಯ ಹೆಬ್ಬೆಟ್ಟು ಒತ್ತಿಸಿದರು. ಆಮೇಲೆ ಏಣಿ ಬಂತು.

ದಾವಲಬಿ ಮತ್ತೆ ನಡೆಯಲಿಲ್ಲ. ಆ ವರ್ಷದ ರಮಜಾನಿಗೆ ಮೊದಲೇ ತೀರಿಕೊಂಡಳು.

ಎಂಟು ವರ್ಷ ಅಲ್ಲೇ ನಿಂತೆ. ಬಣ್ಣ ಸಿಪ್ಪೆಯೆದ್ದಿತು, ಪೆಟ್ಟಿಗೆಗೆ ನೀರು ಹೊಕ್ಕಿತು. ಆ ಹೊತ್ತಿಗೆ ನೆಲದಡಿ ಫೈಬರ್ ಬಂದಿದ್ದರಿಂದ ನನ್ನನ್ನು ಇಳಿಸಿದರು. ಗುರುಸಂಗಪ್ಪನಿಗೂ ವಯಸ್ಸಾಗಿತ್ತು, ಕೇಬಲ್ ಮುಚ್ಚಿ, ದಿನಾ ಗ್ರಂಥಾಲಯಕ್ಕೆ ಪೇಪರ್ ಓದಲು ಬರುತ್ತಿದ್ದ. ಜನ ಅವನೊಡನೆ ನಗುನಗುತ್ತಾ ಮಾತಾಡುತ್ತಿದ್ದರು. ಊರು ಮರೆತಿತ್ತು.

"ಗುಜರಿಗೆ ಹಾಕೂಣೇನ್ರಿ ಅಕ್ಕಾರ?" ಎಂದು ನನ್ನನ್ನು ಇಳಿಸಿದ ಹುಸೇನ್ ಮೇಸ್ತ್ರಿ ಕೇಳಿದ.

"ಬ್ಯಾಡ. ಪೇಪರ್ ಟೇಬಲ್ ಎದುರಿನ ಗ್ವಾಡಿಗೆ ತೂಗಹಾಕು."

ಅಲ್ಲೇ ಇದ್ದೇನೆ. ಅವನು ಬರುತ್ತಾನೆ, ಕನ್ನಡಕ ಹಾಕುತ್ತಾನೆ, ಪೇಪರ್ ಬಿಡಿಸುತ್ತಾನೆ. ಪುಟ ತಿರುವುವಾಗ ತಲೆ ಎತ್ತಬೇಕಾಗುತ್ತದೆ, ಎತ್ತಿದರೆ ಎದುರಿಗೆ ನಾನು. ಅವನು ಕೊನೆಯ ಪುಟ ಓದಿ ಮುಗಿಸಿದ್ದನ್ನು ನಾನು ಈವರೆಗೆ ಕಂಡಿಲ್ಲ.